ಬಂಡುಕೋರನ ‘ಕೋರ’

2022ರ ಜೂನ್ ಕೊನೆಯ ವಾರ. ಠಾಣೆಯಿಂದ ರಬಾಳೆಗೆ ಬರುವ ಲೋಕಲ್ಲಿನಲ್ಲಿ ಎದುರಿಗೆ ಕೂತವರ ಕೈಯಲ್ಲಿ ಮರಾಠಿ ಪತ್ರಿಕೆ, ನನ್ನ ಮೊಬೈಲಿನಲ್ಲಿ ಕನ್ನಡ ಪತ್ರಿಕೆ. ಎರಡರಲ್ಲೂ ಒಂದೇ ಸುದ್ದಿ. ಏಕನಾಥ ಶಿಂದೆ ತಮ್ಮ ಜೊತೆಗಾರ ಶಾಸಕರೊಂದಿಗೆ ಸೂರತ್ ದಾಟಿ ಗುವಾಹಟಿ ಸೇರಿದ್ದರು. ಮರಾಠಿಯಲ್ಲಿ ಅವರು ‘ಬಂಡಖೋರ್ ಆಮದಾರ್’. ಕನ್ನಡದಲ್ಲಿ ‘ಬಂಡಾಯ ಶಾಸಕರು’. ಠಾಕ್ರೆ ಬಣದವರು ಅವರನ್ನು ‘ಗದ್ದಾರ್’ ಎಂದರು. ಶಿಂದೆ ಬಣದವರು ನಾವು ಮಾಡಿದ್ದು ಬಂಡ್ ಅಲ್ಲ, ‘ಉಠಾವ್’ ಎಂದರು. ಉಠಾವ್ ಅಂದರೆ ಎದ್ದು ನಿಲ್ಲುವುದು. ಮರಾಠಿ ಶಾಲಾಪುಸ್ತಕಗಳು 1857ಕ್ಕೆ ಬಳಸುವ ಮಾತು ಅದು. ಒಂದೇ ಗುಂಪು, ಒಂದೇ ಕೆಲಸ, ಮೂರು ಹೆಸರು. ಯಾವ ಹೆಸರು ಬಾಯಿಗೆ ಬಂತು ಎಂಬುದರಿಂದಲೇ ಹೇಳಿದವರು ಯಾವ ಬಣದವರೆಂದು ಡಬ್ಬಿಯಲ್ಲಿದ್ದವರಿಗೆಲ್ಲ ಗೊತ್ತಾಗುತ್ತಿತ್ತು.

ನನ್ನ ಗಮನ ಹೋದದ್ದು ಒಂದು ಸಣ್ಣ ವ್ಯತ್ಯಾಸದ ಮೇಲೆ. ಮರಾಠಿಯ ಬಂಡಖೋರ್, ನಮ್ಮ ಬಂಡುಕೋರ ಎರಡೂ ಒಂದೇ ಪದ. ಆದರೂ ಕನ್ನಡ ಪತ್ರಿಕೆ ಶಾಸಕರನ್ನು ಬಂಡುಕೋರರು ಎನ್ನಲಿಲ್ಲ, ‘ಬಂಡಾಯ ಶಾಸಕರು’ ಎಂದಿತು. ಅದೇ ಪತ್ರಿಕೆ ಕಾಡಿನಲ್ಲಿರುವ ಮಾವೋವಾದಿಗಳಿಗೆ, ಯೆಮೆನಿನ ಹೌತಿಗಳಿಗೆ ತಪ್ಪದೆ ಬಂಡುಕೋರ ಎನ್ನುತ್ತದೆ. ಟಿಕೆಟ್ ಸಿಗದೆ ಪಕ್ಷ ಬಿಟ್ಟವನು ‘ಬಂಡಾಯ ಅಭ್ಯರ್ಥಿ’. ಚುನಾವಣೆ ಬಂದಾಗಲೆಲ್ಲ ‘ಬಂಡಾಯ ಶಮನ’ದ ಸುದ್ದಿ ಬರುತ್ತದೆ. ಹಾಗಾದರೆ ಬಂಡಾಯಕ್ಕೂ ಬಂಡುಕೋರನಿಗೂ ನಡುವೆ ನಾವು ಒಂದು ಗೋಡೆ ಕಟ್ಟಿಕೊಂಡಿದ್ದೇವೆ. ಆ ಗೋಡೆ ಯಾವಾಗ ಎದ್ದಿತು, ಅದನ್ನು ಕಟ್ಟಿದ್ದರಲ್ಲಿ ನಮ್ಮ ಸಾಹಿತ್ಯದ ಪಾಲೆಷ್ಟು ಎಂದು ನೋಡುವುದು ಈ ಬರಹದ ಉದ್ದೇಶ.

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಕನ್ನಡ ಸಾಹಿತ್ಯ ‘ಬಂಡಾಯ’ ಎಂಬ ಪದವನ್ನು ಸರ್ಕಾರದ ಕಡತದಿಂದ ಬಿಡಿಸಿಕೊಂಡು ಬಂತು. ಬಂಡುಕೋರನನ್ನು ಮಾತ್ರ ಅಲ್ಲೇ ಬಿಟ್ಟು ಬಂತು. ಕೆಲಸಕ್ಕೆ ಗೌರವ ಸಿಕ್ಕಿತು, ಕೆಲಸ ಮಾಡಿದವನಿಗೆ ಸಿಗಲಿಲ್ಲ. ಅವನನ್ನು, ಹಾಗೂ ಅವನಿಗಿಂತ ಹಿಂದೆ ಉಳಿದ ಅವಳನ್ನು, ಕೈಹಿಡಿದು ಕರೆತಂದವು ಬಂಡಾಯ ಎಂಬ ಹಣೆಪಟ್ಟಿಯ ಹಂಗಿಲ್ಲದೆ ಓದಿಸಿಕೊಳ್ಳುವ ಕೆಲವೇ ಕೃತಿಗಳು.

*

ಮೊದಲು ಈ ‘ಕೋರ’ ಯಾರು ಎಂದು ವಿಚಾರಿಸೋಣ. ಇದು ಕನ್ನಡದ ‘ಕೋರು’ ಅಲ್ಲ. ಫ್ಲೆಕ್ಸಿನ ಕೆಳಗೆ ಸಾಲಾಗಿ ನಿಂತು ‘ಶುಭ ಕೋರುವವರು’ ಬೇರೆ ವಂಶದವರು. ನಮ್ಮ ಕೋರ ಪಾರಸಿಯಿಂದ ಬಂದವನು. ಅಲ್ಲಿ ‘ಖೋರ್’ ಅಂದರೆ ತಿನ್ನುವವನು. ಲಂಚಕೋರ ಎಂಬಲ್ಲಿ ಮೂಲದ ಅರ್ಥ ಇನ್ನೂ ಹಸಿಯಾಗಿದೆ, ಏಕೆಂದರೆ ಕನ್ನಡಿಗರೂ ಲಂಚ ‘ತಿನ್ನುತ್ತಾರೆ’. ದರೋಡೆಕೋರ, ಸುಲಿಗೆಕೋರ, ಲಾಭಕೋರ, ಚಾಡಿಕೋರ, ನುಸುಳುಕೋರ, ಹಲ್ಲೆಕೋರ, ಯುದ್ಧಕೋರ ಎಂದು ಪಟ್ಟಿ ಬೆಳೆಸುತ್ತಾ ಹೋಗಿ. ಒಳ್ಳೆಯ ಅರ್ಥದ ಒಬ್ಬ ಕೋರನೂ ನನಗೆ ಸಿಗಲಿಲ್ಲ. ದಂಗೆಕೋರ, ತಂಟೆಕೋರ, ಗಲಭೆಕೋರ, ಬಂಡುಕೋರ ಈ ಸಾಲಿನಲ್ಲೇ ಕೂತಿದ್ದಾರೆ. ದಂಗೆ, ತಂಟೆ, ಬಂಡು ಮೂರಕ್ಕೂ ಮರಾಠಿಯಲ್ಲಿ ಒಡಹುಟ್ಟುಗಳಿವೆ: ದಂಗಾ, ತಂಟಾ, ಬಂಡ್. ಉತ್ತರ ಕರ್ನಾಟಕದ ಕಚೇರಿಗಳಲ್ಲಿ ಮೊದಲು ಪೇಶ್ವೆಯವರ, ಆಮೇಲೆ ಮುಂಬಯಿ ಪ್ರಾಂತದ ಕಾಗದಪತ್ರ ಓಡಾಡಿದ ದಾರಿಯಲ್ಲೇ ಈ ಪದಗಳೂ ಓಡಾಡಿವೆ.

ಇದಕ್ಕೆ ಎದುರಾಗಿ ‘ಗಾರ’ ಎಂಬ ಪ್ರತ್ಯಯವಿದೆ. ಅದಕ್ಕೆ ಪಕ್ಷಪಾತ ಕಡಿಮೆ. ಕಥೆಗಾರನೂ ಗಾರನೇ, ಮೋಸಗಾರನೂ ಗಾರನೇ. ಹೋರಾಟಗಾರ, ಚಳವಳಿಗಾರ ಎನ್ನುತ್ತೇವೆ. ಹೋರಾಟಕೋರ, ಚಳವಳಿಕೋರ ಎಂದರೆ ನಾಲಿಗೆ ತಡವರಿಸುತ್ತದೆ. ಅಂದರೆ ವ್ಯಾಕರಣವೇ ತೀರ್ಪು ಬರೆದಿಟ್ಟಿದೆ. ಬಂಡುಕೋರ ಎನ್ನುವ ವರದಿಗಾರ ಆ ಮನುಷ್ಯ ಏನು ಕೇಳಿದ ಎಂದು ಬರೆಯುವ ಮೊದಲೇ ಅವನನ್ನು ದರೋಡೆಕೋರನ ಪಕ್ಕದಲ್ಲಿ ಕೂರಿಸಿಯಾಗಿರುತ್ತದೆ.

ಎರಡು ಭಾಷೆಯ ಪತ್ರಿಕೆ ಓದುವ ನಮ್ಮಂಥವರಿಗೆ ಇದು ಪ್ರತಿವರ್ಷ ನವೆಂಬರ್ ಒಂದರಂದು ಕಣ್ಣಿಗೆ ಹೊಡೆಯುತ್ತದೆ. ಬೆಳಗಾವಿಯಲ್ಲಿ ನಮಗೆ ರಾಜ್ಯೋತ್ಸವ, ಮಹಾರಾಷ್ಟ್ರ ಏಕೀಕರಣ ಸಮಿತಿಗೆ ‘ಕಾಳಾ ದಿವಸ್’. ಕನ್ನಡ ಪತ್ರಿಕೆಯಲ್ಲಿ ‘ಎಂಇಎಸ್ ಪುಂಡಾಟಿಕೆ’. ಮರಾಠಿ ಪತ್ರಿಕೆಯಲ್ಲಿ ‘ಸೀಮಾ ಲಢಾ’, ಗಡಿ ಹೋರಾಟ. ಬಸ್ಸಿಗೆ ಮಸಿ ಬಳಿದವನು ನಮ್ಮ ಕಡೆಯವನಾದರೆ ಅಲ್ಲಿ ಗೂಂಡಾ, ಇಲ್ಲಿ ಕನ್ನಡಪರ ಹೋರಾಟಗಾರ. ಪುಂಡ ಎಂಬ ಪದವೂ ಎರಡು ಭಾಷೆಗೆ ಸೇರಿದ್ದು ಎಂಬುದನ್ನು ಯಾರೂ ನೆನೆಯುವುದಿಲ್ಲ. ಗಡಿಯ ಎರಡೂ ಕಡೆಯವರು ಬೈದುಕೊಳ್ಳುವುದು ಹಂಚಿಕೊಂಡ ನಿಘಂಟಿನಿಂದಲೇ.

*

ನಾವು ಕೆಲಸ ಮಾಡುವ ನೆಲದಲ್ಲೇ ಇನ್ನೊಂದು ಪದ ಬಿದ್ದಿದೆ. ರಬಾಳೆ ಅಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಎಂಐಡಿಸಿ, ಠಾಣೆ-ಬೇಲಾಪುರ ರಸ್ತೆ, ಗಾಜಿನ ಕಟ್ಟಡ. ಆದರೆ ಸ್ಟೇಷನ್ನಿನ ಹೆಸರು ಊರಿನದು. ಊರಿನ ಗಾವಠಾಣ ಇನ್ನೂ ಇದೆ. ಎಂಐಡಿಸಿಗೆಂದು, ಆಮೇಲೆ 1970ರಲ್ಲಿ ಹುಟ್ಟಿದ ಸಿಡ್ಕೊ ಕಟ್ಟಲಿದ್ದ ಹೊಸ ನಗರಕ್ಕೆಂದು ಈ ಪಟ್ಟಿಯ ಆಗ್ರಿ, ಕೋಳಿ ಸಮುದಾಯಗಳ ಗದ್ದೆ, ಉಪ್ಪಿನ ಆಗರ ಸರ್ಕಾರದ ಪಾಲಾದವು. ನೆಲ ಕಳೆದುಕೊಂಡವರಿಗೆ ಮರಾಠಿ ಆಡಳಿತ ಕೊಟ್ಟ ಹೆಸರು ‘ಪ್ರಕಲ್ಪಗ್ರಸ್ತ’. ಪ್ರಕಲ್ಪ ಅಂದರೆ ಪ್ರಾಜೆಕ್ಟು. ಗ್ರಸ್ತ ಅಂದರೆ ನುಂಗಲ್ಪಟ್ಟವನು. ಗ್ರಹಣಗ್ರಸ್ತ ಸೂರ್ಯ ಎನ್ನುವಾಗ ಇರುವ ಗ್ರಸ್ತವೇ ಇದು.

ಪದವನ್ನು ಸ್ವಲ್ಪ ಹೊತ್ತು ನೋಡಿ. ಸುಮ್ಮನಿದ್ದವನು ಗ್ರಸ್ತ, ನುಂಗಲ್ಪಟ್ಟವನು. ಎದ್ದವನು ಖೋರ್, ನುಂಗುವವನು. ಒಂದು ಸಂಸ್ಕೃತದಿಂದ, ಇನ್ನೊಂದು ಪಾರಸಿಯಿಂದ. ಎರಡೂ ಬಂದು ಸೇರಿದ್ದು ಒಂದೇ ಕಚೇರಿಯ ಮೇಜಿಗೆ. ಕರ್ನಾಟಕದ ಕಡತಗಳಲ್ಲಿ ಇದೇ ಜಾಗದಲ್ಲಿ ‘ಮುಳುಗಡೆ ಸಂತ್ರಸ್ತ’ ಇದ್ದಾನೆ. ಶರಾವತಿಯಲ್ಲಿ, ಬಾಗಲಕೋಟೆಯಲ್ಲಿ ಮನೆ ಮುಳುಗಿದವರು. ಸಂತ್ರಸ್ತ ಅಂದರೆ ಹೆದರಿ ನಡುಗಿದವನು. ಹೆದರಿ ನಡುಗುತ್ತಾ ಇರುವವರೆಗೆ ಪರಿಹಾರದ ಪಟ್ಟಿಯಲ್ಲಿ ಹೆಸರಿರುತ್ತದೆ. ನಡುಕ ನಿಂತು ಎದ್ದುನಿಂತರೆ ಪಟ್ಟಿ ಬೇರೆ, ಪ್ರತ್ಯಯ ಬೇರೆ.

1984ರ ಜನವರಿ 16 ಮತ್ತು 17ರಂದು ಉರಣ ಕಡೆಯ ಜಾಸಯಿ ಪರಿಸರದಲ್ಲಿ ಈ ಗ್ರಸ್ತರು ಎದ್ದರು. ದಿ. ಬಾ. ಪಾಟೀಲರ ನೇತೃತ್ವದ ಆ ಹೋರಾಟದಲ್ಲಿ ಪೊಲೀಸರ ಗುಂಡಿಗೆ ಐವರು ಸತ್ತರು. ಬಿಟ್ಟುಕೊಟ್ಟ ಜಮೀನಿಗೆ ಬದಲಾಗಿ ಶೇಕಡಾ 12.5ರಷ್ಟು ಅಭಿವೃದ್ಧಿಪಡಿಸಿದ ನೆಲ ಎಂಬ ಯೋಜನೆ ಬಂದದ್ದು ಆ ಹೋರಾಟದ ಫಲ. ನವಿ ಮುಂಬಯಿಯಲ್ಲಿ ಮನೆ ಹುಡುಕಿದವರೆಲ್ಲ ದಲ್ಲಾಳಿಯ ಬಾಯಲ್ಲಿ ‘ಸಾಡೇ ಬಾರಾ ಟಕ್ಕೆ’ ಎಂಬ ಮಾತು ಕೇಳಿರುತ್ತಾರೆ. 2021ರಲ್ಲಿ ವಿಮಾನ ನಿಲ್ದಾಣಕ್ಕೆ ಪಾಟೀಲರ ಹೆಸರಿಡಿ ಎಂದು ಸಾವಿರಾರು ಜನ ಮತ್ತೆ ಬೀದಿಗಿಳಿದರು. ನಾನು ವೃತ್ತಿಯಿಂದ ಪ್ರಾಜೆಕ್ಟ್ ಮ್ಯಾನೇಜರ್. ಪ್ರಕಲ್ಪಗ್ರಸ್ತ ಎಂಬ ಪದವನ್ನು ಹತ್ತು ವರ್ಷ ಬೋರ್ಡುಗಳ ಮೇಲೆ ಓದಿದ್ದೆ. ಅದರೊಳಗೆ ನನ್ನ ಹುದ್ದೆಯ ಹೆಸರೂ ಇದೆ ಎಂದು ಹೊಳೆದದ್ದು ತಡವಾಗಿ.

*

ಕಡತಕ್ಕೆ ಎದುರಾಗಿ ಯಾವಾಗಲೂ ಒಂದು ಹಾಡು ಇದ್ದೇ ಇರುತ್ತದೆ. ಹಲಗಲಿಯ ಬೇಡರ ಲಾವಣಿಯನ್ನು ನಮ್ಮಲ್ಲಿ ಅನೇಕರು ಶಾಲೆಯಲ್ಲಿ ಓದಿದವರು. 1857ರಲ್ಲಿ ಕಂಪನಿ ಸರ್ಕಾರ ಆಯುಧ ಒಪ್ಪಿಸಬೇಕೆಂದು ಕಾನೂನು ತಂದಾಗ ಮುಧೋಳ ಸಂಸ್ಥಾನದ ಹಲಗಲಿ ಒಪ್ಪಲಿಲ್ಲ. ದಂಡು ಬಂತು, ಊರು ಸುಟ್ಟಿತು, ಸಿಕ್ಕವರನ್ನು ಗಲ್ಲಿಗೇರಿಸಿತು. ಸರ್ಕಾರದ ಲೆಕ್ಕದಲ್ಲಿ ಅವರು ದಂಗೆಕೋರರ ಒಂದು ಗುಂಪು. ಲಾವಣಿಯಲ್ಲಿ ಅವರಿಗೆ ಹೆಸರುಗಳಿವೆ: ಜಡಗ, ಬಾಲ, ಹನುಮ, ರಾಮ. ಹಾಡುಗಾರ ಮಾಡಿದ ದೊಡ್ಡ ಕೆಲಸ ಇದು. ಅವನು ದಂಗೆಕೋರ ಎಂಬ ಪದಕ್ಕೆ ಬದಲಾಗಿ ಇನ್ನೊಂದು ಹಿರಿದಾದ ಪದ ಹುಡುಕಲು ಹೋಗಲಿಲ್ಲ, ಹೆಸರು ಹೇಳಿದ. ಇಂಥ ಲಾವಣಿಗಳನ್ನು ಬರೆದುಕೊಂಡು ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅಚ್ಚು ಹಾಕಿಸಿದವರು ಅದೇ ಸರ್ಕಾರದ ಅಧಿಕಾರಿ, ಶಾಸನತಜ್ಞ ಜೆ. ಎಫ್. ಫ್ಲೀಟ್ ಎಂಬುದು ಚರಿತ್ರೆಯ ತಮಾಷೆ.

ದಕ್ಷಿಣ ಕನ್ನಡದಲ್ಲಿ ಇದರ ತಿರುವುಮುರುವು ನಡೆದಿದೆ. 1837ರಲ್ಲಿ ಸುಳ್ಯ, ಕೊಡಗಿನ ಕಡೆಯಿಂದ ಹೊರಟ ರೈತರ ದಂಡು ಮಂಗಳೂರಿಗೆ ನುಗ್ಗಿ ಕೆಲವು ದಿನ ಊರನ್ನು ಹಿಡಿದಿಟ್ಟುಕೊಂಡಿತು. ಕಲ್ಯಾಣಸ್ವಾಮಿಯ ಹೆಸರಿನಲ್ಲಿ ನಡೆದ ಆ ಏಳುವಿಕೆ ಜನರ ಬಾಯಲ್ಲಿ ಉಳಿದದ್ದು ‘ಕಲ್ಯಾಣಪ್ಪನ ಕಾಟಕಾಯಿ’ ಎಂದು, ಅಂದರೆ ದಾಂಧಲೆ, ಕೊಳ್ಳೆ. ಗೆದ್ದವರ ಪದ ಸೋತವರ ಮೊಮ್ಮಕ್ಕಳ ಬಾಯಲ್ಲಿ ಗಾದೆಯಂತೆ ಕೂತಿತು. ಅದು ‘ಅಮರ ಸುಳ್ಯ ಸ್ವಾತಂತ್ರ್ಯ ಸಂಗ್ರಾಮ’ವಾಗಿ, ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ಮಂಗಳೂರಿನ ಬಾವುಟಗುಡ್ಡೆಯಲ್ಲಿ ನಿಲ್ಲಲು 2022ರವರೆಗೆ ಕಾಯಬೇಕಾಯಿತು. ಪ್ರತಿಮೆ ಬಂದದ್ದು ಒಳ್ಳೆಯದೇ. ಆದರೆ ಕಾಟಕಾಯಿಯಿಂದ ಸಂಗ್ರಾಮಕ್ಕೆ ಹಾರುವಾಗ ನಡುವೆ ಇದ್ದ ಕಂದಾಯದ ಸಿಟ್ಟು, ಉಪ್ಪು ಹೊಗೆಸೊಪ್ಪಿನ ಸಿಟ್ಟು ಜಾರಿಬೀಳುತ್ತವೆ. ಬೈಗುಳ ಮನುಷ್ಯನನ್ನು ಮುಚ್ಚುವಂತೆ ಬಿರುದೂ ಮುಚ್ಚುತ್ತದೆ.

ಈ ಅಪಾಯವನ್ನು ಬಲ್ಲ ಲೇಖಕ ನಿರಂಜನ. ಆ ಸೀಮೆಯಲ್ಲೇ ಹುಟ್ಟಿ, ನೀಲೇಶ್ವರದಲ್ಲಿ ಓದಿದ ಅವರು ‘ಕಲ್ಯಾಣಸ್ವಾಮಿ’ಯನ್ನೂ ಬರೆದರು, 1955ರಲ್ಲಿ ‘ಚಿರಸ್ಮರಣೆ’ಯನ್ನೂ ಕೊಟ್ಟರು. 1941ರಲ್ಲಿ ಆಗಿನ ಕಾಸರಗೋಡು ತಾಲ್ಲೂಕಿನ ಕೈಯೂರಿನಲ್ಲಿ ರೈತರ ಮೆರವಣಿಗೆಯ ಎದುರು ಸಿಕ್ಕ ಪೊಲೀಸನೊಬ್ಬ ಹೊಳೆಯಲ್ಲಿ ಮುಳುಗಿ ಸತ್ತ. 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ನಾಲ್ವರನ್ನು ನೇಣಿಗೇರಿಸಲಾಯಿತು. ಕೋರ್ಟಿನ ಕಾಗದದಲ್ಲಿ ಅವರು ಆರೋಪಿಗಳು, ಪಕ್ಷದ ಕರಪತ್ರದಲ್ಲಿ ಹುತಾತ್ಮರು. ನಿರಂಜನರ ಅಪ್ಪು, ಚಿರುಕಂಡ ಮೊದಲು ಶಾಲೆಗೆ ಹೋಗುವ ಹುಡುಗರು, ಒಬ್ಬ ಮಾಸ್ತರರ ಶಿಷ್ಯರು, ಒಬ್ಬ ತಾಯಿಯ ಮಕ್ಕಳು. ಮಲಯಾಳದ ರೈತರ ಕಥೆಯನ್ನು ಕನ್ನಡ ತನ್ನ ಕಥೆಯೆಂದು ಓದಿದ್ದು ಈ ಕಾರಣಕ್ಕೆ. ಕೊರತೆಯೂ ಇದೆ. ಕಾದಂಬರಿಯ ಹೆಸರೇ ಸ್ಮರಣೆಯ ಭಾರ ಹೊತ್ತಿದೆ. ಗಲ್ಲಿನ ನೆರಳು ಮೊದಲಿನಿಂದಲೇ ಬಿದ್ದಿರುವುದರಿಂದ ಆ ಹುಡುಗರು ತಪ್ಪು ಮಾಡುವ ಸ್ವಾತಂತ್ರ್ಯವನ್ನು ಸ್ವಲ್ಪ ಕಳೆದುಕೊಳ್ಳುತ್ತಾರೆ. ಹುತಾತ್ಮ ಎಂಬ ಪದ ದೂರದಿಂದಲೇ ಅವರ ಹೆಗಲ ಮೇಲೆ ಕೈ ಇಟ್ಟಂತೆ ಅನ್ನಿಸುತ್ತದೆ.

*

ಇನ್ನು 1979. ಆ ವರ್ಷದ ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯದ ಗೋಷ್ಠಿ ಬೇಕೆಂಬ ಬೇಡಿಕೆಯನ್ನು ಸಾಹಿತ್ಯ ಪರಿಷತ್ತು ಒಪ್ಪಲಿಲ್ಲ. ಸಾಹಿತ್ಯದಲ್ಲಿ ಅಂಥ ವಿಂಗಡಣೆ ಇಲ್ಲ ಎಂಬುದು ಅದರ ನಿಲುವು. ಅದಕ್ಕೆ ಪ್ರತಿಯಾಗಿ ಮಾರ್ಚ್ 10 ಮತ್ತು 11ರಂದು ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಮ್ಮೇಳನ ನಡೆಯಿತು, ಸಂಘಟನೆ ಹುಟ್ಟಿತು. ಬರಗೂರು ರಾಮಚಂದ್ರಪ್ಪ, ಡಿ. ಆರ್. ನಾಗರಾಜ್ ಮೊದಲಾದವರು ಮುಂದಿದ್ದರು. ಧರ್ಮಸ್ಥಳದ ಅಧ್ಯಕ್ಷ ಪೀಠದಲ್ಲಿದ್ದವರು ಗೋಪಾಲಕೃಷ್ಣ ಅಡಿಗರು. ಒಂದು ಕಾಲಕ್ಕೆ ನವೋದಯದ ಹಿರಿಯರ ಎದುರು ತಾವೇ ತಕರಾರು ಎತ್ತಿದ ಕವಿ. ನಿನ್ನೆಯ ತಕರಾರಿನವನು ಇಂದು ಅಧ್ಯಕ್ಷನಾಗಿ, ಹೊಸ ತಕರಾರಿನವರು ಬಾಗಿಲ ಹೊರಗೆ ನಿಂತಿದ್ದರು.

ಈ ಹೊಸಬರು ಆರಿಸಿಕೊಂಡ ಪದವನ್ನು ನೆರೆಯ ಮರಾಠಿಯೊಂದಿಗೆ ಹೋಲಿಸಿ ನೋಡಬೇಕು. ಮುಂಬಯಿಯಲ್ಲಿ 1972ರಲ್ಲಿ ಹುಟ್ಟಿದ ದಲಿತ ಪ್ಯಾಂಥರ್ ತನ್ನ ಹೆಸರನ್ನು ಅಮೆರಿಕದ ಕರಿಯರ ಸಂಘಟನೆಯಿಂದ ತಂದಿತು. 1999ರಲ್ಲಿ ಧಾರಾವಿಯಲ್ಲಿ ಮೊದಲ ಪರ್ಯಾಯ ಸಮ್ಮೇಳನ ಸೇರಿದಾಗ ಅದು ತನ್ನನ್ನು ‘ವಿದ್ರೋಹಿ’ ಎಂದು ಕರೆದುಕೊಂಡಿತು. ಕನ್ನಡದಲ್ಲಿ ಅದು ಸಾಧ್ಯವಿರಲಿಲ್ಲ. ದ್ರೋಹ ಎಂದೊಡನೆ ನಮಗೆ ನೆನಪಾಗುವುದು ನಂಬಿದವರ ಕುತ್ತಿಗೆ ಕೊಯ್ಯುವುದು. ಮರಾಠಿಯ ಬಂಡ್ ನಮಗೆ ಗೌರವದ ಪದವಾಯಿತು, ನಮ್ಮಲ್ಲಿ ಬೈಗುಳವಾದ ದ್ರೋಹ ಅವರಲ್ಲಿ ಹೆಮ್ಮೆಯಾಯಿತು.

ಬಂಡಾಯ ಎಂಬ ಆಯ್ಕೆಗೆ ನೆಲದ ಬೆಂಬಲವೂ ಇತ್ತು. ನರಗುಂದದ ಬಾಬಾಸಾಹೇಬ 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದದ್ದು ‘ನರಗುಂದ ಬಂಡಾಯ’. ಸಮ್ಮೇಳನ ನಡೆದ ಮರುವರ್ಷ, 1980ರ ಜುಲೈ 21ರಂದು, ಮಲಪ್ರಭಾ ಕಾಲುವೆಯ ಕರದ ವಿರುದ್ಧ ಅದೇ ನರಗುಂದ, ನವಲಗುಂದದ ರೈತರು ಎದ್ದಾಗಲೂ ಹೆಸರು ‘ನರಗುಂದ ಬಂಡಾಯ’ವೇ. ಸಂಸ್ಥಾನಿಕನಿಗೂ ಕಾಲುವೆ ಕೊನೆಯ ರೈತನಿಗೂ ಒಂದೇ ಪದ. ಇಷ್ಟು ಮಟ್ಟಿಗೆ ಪದ ನಿಜವಾಗಿ ಬಿಡುಗಡೆ ಪಡೆದಿತ್ತು.

ಆದರೆ ಗಮನಿಸಿ. ಆ ಚಳವಳಿಯ ಯಾರೂ ತಮ್ಮನ್ನು ಬಂಡುಕೋರ ಎಂದು ಕರೆದುಕೊಂಡು ಅದನ್ನು ನೆಲೆಗೊಳಿಸಲಿಲ್ಲ. ಬಂಡಾಯ ಸಾಹಿತಿ, ಬಂಡಾಯ ಕವಿ, ಹೆಚ್ಚೆಂದರೆ ಬಂಡಾಯಗಾರ. ಬಂಡಾಯ ವಿಶೇಷಣವಾಗಿ ಕವಿಯ ಹಿಂದೆ ನಿಂತಿತು. ವಿಶೇಷಣವಾದ ಪದ ಯಾರ ಹಿಂದೆ ಬೇಕಾದರೂ ನಿಲ್ಲುತ್ತದೆ. ಮೊದಲು ವಿಶ್ವವಿದ್ಯಾಲಯದ ಪಠ್ಯದಲ್ಲಿ ನವೋದಯ, ಪ್ರಗತಿಶೀಲ, ನವ್ಯದ ನಂತರದ ಒಂದು ಘಟ್ಟದ ಹಿಂದೆ ನಿಂತಿತು. ಹತ್ತು ಅಂಕದ ಪ್ರಶ್ನೆಯಾಯಿತು. ಆಮೇಲೆ ಟಿಕೆಟ್ ವಂಚಿತ ಅಭ್ಯರ್ಥಿಯ ಹಿಂದೆ ನಿಂತಿತು. ಗುವಾಹಟಿಯ ಹೋಟೆಲಿನಲ್ಲಿದ್ದ ಶಾಸಕರ ಹಿಂದೆಯೂ ನಿಂತಿತು. ಇತ್ತ ಬಂಡುಕೋರ ಮಾತ್ರ 1857ರಲ್ಲಿ ಎಲ್ಲಿದ್ದನೋ ಅಲ್ಲೇ ಇದ್ದಾನೆ, ಪೊಲೀಸ್ ಪ್ರಕಟಣೆಯಲ್ಲಿ.

ಬಂಡಾಯ ಚಳವಳಿಯ ಸಾಧನೆಯನ್ನು ಕಿರಿದು ಮಾಡಲು ಇದನ್ನು ಹೇಳುತ್ತಿಲ್ಲ. ಅದು ತೆರೆದ ಬಾಗಿಲಿನಿಂದ ಬಂದ ಲೇಖಕರನ್ನು ತೆಗೆದರೆ ಕಳೆದ ನಲವತ್ತು ವರ್ಷದ ಕನ್ನಡ ಸಾಹಿತ್ಯದಲ್ಲಿ ಉಳಿಯುವುದು ಕಡಿಮೆ. ನನ್ನ ತಕರಾರು ಇಷ್ಟೇ: ಘೋಷಣೆ ಬಂಡಾಯವನ್ನು ಎತ್ತಿಹಿಡಿಯುತ್ತದೆ, ಮನುಷ್ಯನನ್ನು ತೋರಿಸಲು ಕಥೆಯೇ ಬೇಕು.

*

ದೇವನೂರ ಮಹಾದೇವರ ‘ಒಡಲಾಳ’ವನ್ನು ಈ ಕಣ್ಣಿನಿಂದ ಮತ್ತೊಮ್ಮೆ ಓದಿ. ಸಾಕವ್ವನ ಹುಂಜ ಕಳೆದುಹೋಗಿದೆ. ಅವಳು ಊರೆಲ್ಲ ಹುಡುಕುತ್ತಾಳೆ. ಇತ್ತ ಸಾಹುಕಾರ ಎತ್ತಪ್ಪನ ಕಡಲೆಕಾಯಿ ಮೂಟೆಯೊಂದು ರಾತ್ರಿ ಇವರ ಮನೆಗೆ ಬರುತ್ತದೆ. ಮನೆಮಂದಿಯೆಲ್ಲ ಸುತ್ತ ಕೂತು ಬೆಳಗಾಗುವುದರೊಳಗೆ ಸಾಕ್ಷಿಯೇ ಉಳಿಯದ ಹಾಗೆ ತಿಂದು ಮುಗಿಸುತ್ತಾರೆ. ಪೊಲೀಸರು ಬರುತ್ತಾರೆ, ಗುಡಿಸಲನ್ನು ಜಾಲಾಡುತ್ತಾರೆ. ಕಡತದ ಭಾಷೆಯಲ್ಲಿ ಇವರು ಕಳ್ಳರು. ಇನ್ನೂ ಬಿಗಿಯಾಗಿ ಬರೆದರೆ ಯಾವುದೋ ಒಂದು ‘ಕೋರ’ರು. ನಿಜ ಹೇಳಬೇಕೆಂದರೆ ಇವರು ಅಕ್ಷರಶಃ ತಿಂದವರೇ. ಕೋರ ಪ್ರತ್ಯಯದ ಮೂಲಾರ್ಥಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ಆದರೆ ಆ ರಾತ್ರಿಯ ತಿನ್ನುವಿಕೆಯಲ್ಲಿ ಇರುವ ಹಸಿವು, ಹಬ್ಬ, ನಗು ಓದಿದವನಿಗೆ ನುಂಗಿದವರು ಯಾರು, ನುಂಗಲ್ಪಟ್ಟವರು ಯಾರು ಎಂಬ ಲೆಕ್ಕ ಮತ್ತೆ ಮೊದಲಿನಂತೆ ಇರುವುದಿಲ್ಲ. ಸಾಹುಕಾರನ ಕಡಲೆಕಾಯಿ ಹುಡುಕಲು ಸರ್ಕಾರ ಬರುತ್ತದೆ. ಸಾಕವ್ವನ ಹುಂಜ ಹುಡುಕಲು ಸಾಕವ್ವ ಒಬ್ಬಳೇ. ದೇವನೂರರು ಈ ಎರಡು ಹುಡುಕಾಟಗಳನ್ನು ಪಕ್ಕಪಕ್ಕ ಇಟ್ಟು ಸುಮ್ಮನಾಗುತ್ತಾರೆ. ಆ ಮನೆಯಲ್ಲಿ ಯಾರಿಗೂ ತಾವು ಬಂಡಾಯ ಹೂಡಿದ್ದೇವೆ ಎನ್ನಿಸಿರುವುದಿಲ್ಲ. ಪದವಿಲ್ಲದ ಆ ಎದುರಾಟ ಗೋಷ್ಠಿಗಳ ಪದಕ್ಕಿಂತ ಗಟ್ಟಿಯಾಗಿ ನಿಲ್ಲುತ್ತದೆ.

ಬಂಡುಕೋರನಿಗಿಂತ ಹಿಂದೆ ಉಳಿದವಳ ವಿಷಯಕ್ಕೆ ಬರೋಣ. ಬಂಡುಕೋರಳು ಎಂದು ಹೇಳಿ ನೋಡಿ, ಪದ ನಿಲ್ಲುವುದೇ ಇಲ್ಲ. ಎದುರು ನಿಂತ ಹೆಣ್ಣಿಗೆ ಕನ್ನಡ ಇಟ್ಟುಕೊಂಡಿರುವ ಸಾಲು ಬೇರೆ: ಗಯ್ಯಾಳಿ, ಬಜಾರಿ, ಗಂಡುಬೀರಿ, ಬಾಯಿಬಡುಕಿ. ಗಂಡಿನ ಎದುರಾಟ ಕೆಟ್ಟದ್ದಾದರೂ ಅದು ರಾಜ್ಯದ ವಿರುದ್ಧದ ಕೆಲಸ, ರಾಜಕೀಯ. ಹೆಣ್ಣಿನ ಎದುರಾಟ ಅವಳ ಸ್ವಭಾವದ ದೋಷ. ಅವನನ್ನು ಜೈಲಿಗೆ ಹಾಕಬೇಕು, ಅವಳನ್ನು ತಿದ್ದಬೇಕು. ಚೆನ್ನಮ್ಮ ಈ ಸಾಲಿನಿಂದ ಪಾರಾದದ್ದು ಅವಳು ಕಿತ್ತೂರಿನ ರಾಣಿಯಾದ್ದರಿಂದ.

ಪೂರ್ಣಚಂದ್ರ ತೇಜಸ್ವಿ ಈ ಗಂಟನ್ನು ಹಿಡಿದ ರೀತಿ ನನಗೆ ಬಹಳ ಇಷ್ಟ. ‘ಕಿರಗೂರಿನ ಗಯ್ಯಾಳಿಗಳು’ ಎಂದು ಬೈಗುಳವನ್ನೇ ಹೆಸರಾಗಿ ಇಟ್ಟರು. ಅದನ್ನು ತೊಳೆದು ‘ವೀರವನಿತೆಯರು’ ಮಾಡಲಿಲ್ಲ, ಉದ್ಧರಣ ಚಿಹ್ನೆಯೊಳಗೂ ಇಡಲಿಲ್ಲ. ಗಾಳಿಮಳೆಗೆ ಬಿದ್ದ ಒಂದು ಮರದಿಂದ ಶುರುವಾದ ಗಂಡಸರ ಜಗಳ ಜಾತಿ, ಕುಡಿತ, ಸರ್ಕಾರಿ ನೌಕರರ ಕಿತಾಪತಿ ಎಲ್ಲ ಸೇರಿ ಊರನ್ನೇ ಕೆಡಿಸುವ ಹಂತಕ್ಕೆ ಬಂದಾಗ ಹೆಂಗಸರು ಎದ್ದು ನಿಲ್ಲುತ್ತಾರೆ. ಕಥೆ ಮುಗಿಯುವ ಹೊತ್ತಿಗೆ ಗಯ್ಯಾಳಿ ಎಂಬ ಪದ ಅಲ್ಲೇ ಇರುತ್ತದೆ, ಅದನ್ನು ಕೇಳುವ ನಮ್ಮ ಕಿವಿ ಬದಲಾಗಿರುತ್ತದೆ. ಬಂಡಾಯದ ಬಳಗದಿಂದ ಬಂದ ಬಾನು ಮುಷ್ತಾಕ್ 2025ರಲ್ಲಿ ‘ಹಾರ್ಟ್ ಲ್ಯಾಂಪ್’ಗಾಗಿ ಅಂತಾರಾಷ್ಟ್ರೀಯ ಬೂಕರ್ ಪಡೆದಾಗ ನಾವೆಲ್ಲ ವಾಟ್ಸಾಪಿನಲ್ಲಿ ಹೆಮ್ಮೆ ಹಂಚಿಕೊಂಡೆವು. ಅವರ ಕಥೆಗಳಲ್ಲಿ ಬರುವ ಹೆಂಗಸರು ನಮ್ಮ ಮನೆಯಲ್ಲಿ ಊಟದ ಹೊತ್ತಿಗೆ ಬಾಯಿಬಿಟ್ಟರೆ ಯಾವ ಪದ ಬಳಸುತ್ತೇವೆ ಎಂಬುದು ಬೇರೆಯೇ ಪ್ರಶ್ನೆ.

*

ಈ ಪ್ರಶ್ನೆಯನ್ನು ಇನ್ನೊಬ್ಬರಿಗೆ ಕೇಳುವ ಮೊದಲು ನನ್ನ ಲೆಕ್ಕ ಒಪ್ಪಿಸಬೇಕು. ಕೆಲವು ವರ್ಷಗಳ ಹಿಂದೆ ನನ್ನ ತಂಡದಲ್ಲಿದ್ದ ಒಬ್ಬಳು ಇಂಜಿನಿಯರ್, ಸತತ ನಾಲ್ಕು ಶನಿವಾರ ರಿಲೀಸ್ ಕೆಲಸ ಮಾಡಿದ ಮೇಲೆ, ಎಲ್ಲರೂ ಇದ್ದ ಕರೆಯಲ್ಲಿ ಇದಕ್ಕೆ ಬದಲಿ ರಜೆ ಯಾವಾಗ ಎಂದು ಕೇಳಿದಳು. ದನಿ ಎತ್ತರಿಸಲಿಲ್ಲ. ಕೇಳಿದ್ದು ನ್ಯಾಯವೇ. ವರ್ಷಾಂತ್ಯದ ಮೌಲ್ಯಮಾಪನದಲ್ಲಿ ನಾನು ಅವಳ ಹೆಸರಿನ ಎದುರು ‘ಅಗ್ರೆಸಿವ್’ ಎಂದು ಬರೆದೆ. ಅದೇ ತಂಡದಲ್ಲಿ ಇನ್ನೂ ಜೋರಾಗಿ ಮಾತಾಡುತ್ತಿದ್ದ ಹುಡುಗನಿಗೆ ‘ಅಸರ್ಟಿವ್’ ಎಂದು ಬರೆದಿದ್ದೆ. ಎರಡನ್ನೂ ಒಂದೇ ಮಧ್ಯಾಹ್ನ ತುಂಬಿದ್ದು. ಆಗ ನನಗೆ ಏನೂ ಅನ್ನಿಸಲಿಲ್ಲ. ಆ ಪದ ಅವಳ ಮುಂದಿನ ಮ್ಯಾನೇಜರನ ಕೈಗೂ ಹೋಯಿತು. ಒಂದು ವರ್ಷದಲ್ಲಿ ಅವಳು ಬಿಟ್ಟು ಹೋದಳು. ಹೋಗುವಾಗ ನನ್ನ ಮೇಜಿನ ಬಳಿ ಬಂದು, ‘ಸರ್, ನಾನು ರಜೆ ಕೇಳಿದ್ದೆ ಅಷ್ಟೇ’ ಎಂದಳು. ಕನ್ನಡದಲ್ಲಿ ಹೇಳಿದಳು. ಅಲ್ಲಿಯವರೆಗೆ ಆಫೀಸಿನಲ್ಲಿ ನಾವಿಬ್ಬರೂ ಕನ್ನಡದಲ್ಲಿ ಮಾತಾಡಿದ್ದು ಕಡಿಮೆ.

ಅವಳಿಗೆ ನಾನು ಗಯ್ಯಾಳಿ ಎನ್ನಲಿಲ್ಲ. ಅಷ್ಟು ಒರಟು ಪದ ನನ್ನ ಬಾಯಲ್ಲಿ ಬರುವುದಿಲ್ಲ. ಅಚ್ಚುಕಟ್ಟಾದ ಇಂಗ್ಲಿಷ್ ಪದ, ಅಂಕಣದಲ್ಲಿ ಹಿಡಿಸುವಂಥದು. ‘ಒಡಲಾಳ’ವನ್ನು ಮೆಚ್ಚಿ ಮಾತಾಡುವವನು ನಾನು. ಕಂಪನಿ ಸರ್ಕಾರದ ಗುಮಾಸ್ತನಿಗೂ ತಾನು ಕೆಟ್ಟದ್ದು ಮಾಡುತ್ತಿದ್ದೇನೆ ಅನ್ನಿಸಿರಲಾರದು; ಅವನ ಮುಂದೆಯೂ ತುಂಬಬೇಕಾದ ಒಂದು ಅಂಕಣವಿತ್ತು. ಓದು ನಮ್ಮನ್ನು ಅಂಕಣ ತುಂಬುವಾಗ ಒಂದು ಗಳಿಗೆ ತಡೆಯದಿದ್ದರೆ ನಾವು ಬಂಡಾಯ ಸಾಹಿತ್ಯವನ್ನು ಓದಿದ್ದು ಎಲ್ಲಿಗೆ ಬಂತು ಎಂದು ನಾನು ಆಮೇಲೆ ಕೇಳಿಕೊಂಡಿದ್ದೇನೆ. ಅವಳ ಮೌಲ್ಯಮಾಪನವನ್ನು ಈಗ ತಿದ್ದುವ ಹಾಗಿಲ್ಲ. ಆ ವ್ಯವಸ್ಥೆ ಹಳೆಯ ವರ್ಷದ ದಾಖಲೆಯನ್ನು ತೆರೆಯಲು ಬಿಡುವುದಿಲ್ಲ.

ಕೊನೆಗೆ ಇನ್ನೊಂದು ಪದ, ನಮಗೆ ತೀರಾ ಹತ್ತಿರದ್ದು. 1830-31ರಲ್ಲಿ ಕೆನರಾ ಜಿಲ್ಲೆಯ ರೈತರು ಕಂದಾಯ ಕೊಡುವುದಿಲ್ಲ ಎಂದು ಅಲ್ಲಲ್ಲಿ ಸೇರತೊಡಗಿದರು. ಅದೇ ಕಾಲಕ್ಕೆ ಮೈಸೂರು ಸೀಮೆಯ ನಗರದಲ್ಲೂ ಅಂಥದೇ ಏಳುವಿಕೆ ನಡೆದಿತ್ತು. ಹೀಗೆ ಸೇರುವುದನ್ನು ರೈತರು ‘ಕೂಟ’ ಎಂದರು. ಕಂಪನಿಯ ಅಧಿಕಾರಿಗಳು ಅದೇ ಪದವನ್ನು ಇಂಗ್ಲಿಷ್ ಕಾಗದಕ್ಕೆ ಇಳಿಸಿಕೊಂಡರು. ಅವರಿಗೆ ಕೂಟ ಅಂದರೆ ತಲೆನೋವು, ದಂಗೆಯ ಮುನ್ಸೂಚನೆ. ಇವತ್ತು ನಾವು ಊರು ಬಿಟ್ಟು ಬಂದವರು ಭಾನುವಾರ ಸೇರುವುದನ್ನೂ ಕನ್ನಡ ಕೂಟ ಎನ್ನುತ್ತೇವೆ. ಹೋಳಿಗೆ ಊಟ, ಮಕ್ಕಳ ನೃತ್ಯ, ಹಾರ ತುರಾಯಿ. ಅಲ್ಲಿ ಯಾರಾದರೂ ಎದ್ದು, ಹೋದ ವರ್ಷದ ಖರ್ಚಿನ ಲೆಕ್ಕ ಎಲ್ಲಿ ಎಂದು ಕೇಳಿದರೆ ಹಿಂದಿನ ಸಾಲಿನಿಂದ ಒಂದು ಪಿಸುಮಾತು ಬರುತ್ತದೆ: ‘ಇವನೊಬ್ಬ ಕಿರಿಕ್ಕು.’ ಆ ಪಿಸುಮಾತಿಗೆ ನಾನೂ ನಕ್ಕಿದ್ದೇನೆ. ಮುಂದಿನ ಸಭೆಯಲ್ಲಿ ಅವನು ಮತ್ತೆ ಎದ್ದರೆ, ಅವನ ಹೆಸರನ್ನೇ ಹೇಳಿ, ಅವನ ಪ್ರಶ್ನೆಯನ್ನು ನಡಾವಳಿಯಲ್ಲಿ ಬರೆದುಕೊಳ್ಳಿ ಎನ್ನಬೇಕೆಂದುಕೊಂಡಿದ್ದೇನೆ.